ಮಗಳಿಗೊಂದು ಪತ್ರ: ಟಾಕೀಸು ಮತ್ತು ಅದರ ಬೀದಿ

ಚಿರಂಜೀವಿ ಮಗಳಿಗೆ ಅಪ್ಪನ ಆಶೀರ್ವಾದಗಳು.

ಮುಂಬಯಿಯ ಹಳೆಯ ಚಿತ್ರಮಂದಿರಗಳ ಕುರಿತು ನೀನು ಕಾಲೇಜಿಗಾಗಿ ಬರೆದ ನಕ್ಷೆಗಳು ಪುಣೆಯಿಂದ ಬಂದು ತಲುಪಿದವು. ಗೆರೆಗಳು ಅಚ್ಚುಕಟ್ಟಾಗಿವೆ, ಟಿಕೆಟ್ ಕಿಂಡಿ, ಬಾಲ್ಕನಿಗೆ ಹತ್ತುವ ಮೆಟ್ಟಿಲು, ಪೋಸ್ಟರಿನ ಗಾಜಿನ ಪೆಟ್ಟಿಗೆ, ಯಾವುದನ್ನೂ ಬಿಟ್ಟಿಲ್ಲ. ಆದರೆ ನಿನ್ನ ಟಾಕೀಸು ಕಾಂಪೌಂಡ್ ಗೋಡೆಗೆ ಮುಗಿದುಹೋಗುತ್ತದೆ. ನಾನು ಹುಡುಗನಾಗಿದ್ದಾಗ ಕಂಡ ಟಾಕೀಸು ಅಕ್ಕಪಕ್ಕದ ಅಂಗಡಿಗಳನ್ನೂ ಸೇರಿಸಿಕೊಂಡು ರೈಲು ನಿಲ್ದಾಣದವರೆಗೆ ಹಬ್ಬಿಕೊಂಡಿತ್ತು. ಅದನ್ನು ವಿವರಿಸಲೆಂದೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಉಡುಪಿಯ ಕಡೆಯಿಂದ ಬಂದ ನಿನ್ನ ಅಜ್ಜ ಮುಂಬಯಿಯ ಮಾಟುಂಗಾದ ಹೋಟೆಲೊಂದರಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದ ಕಾಲವದು. ಕೆಫೆ ಮೈಸೂರು 1936ರಲ್ಲಿ, ಕೆಫೆ ಮದ್ರಾಸ್ 1940ರಲ್ಲಿ, ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರಲ್ಲಿ ಆರಂಭವಾದ ಮೇಲೆ, ನಮ್ಮ ಕರಾವಳಿಯ ಹುಡುಗರು ಆ ಪೇಟೆಯನ್ನು ಅರ್ಧ ಊರಾಗಿಯೇ ಮಾಡಿಕೊಂಡಿದ್ದರು. ಆದರೆ ತೆರೆಯ ಮೇಲೆ ನಮ್ಮ ಭಾಷೆಗೆ ಅಷ್ಟು ಜಾಗವಿರಲಿಲ್ಲ. ಕಿಂಗ್ಸ್ ಸರ್ಕಲ್‌ನ ಅರೋರಾ ಟಾಕೀಸು ತಮಿಳು ಚಿತ್ರಗಳಿಗೆ ಹೆಸರಾಗಿತ್ತು, ಲಾಲ್‌ಬಾಗಿನ ಭಾರತಮಾತಾ ಗಿರಣಿ ಕಾರ್ಮಿಕರ ನಡುವೆ ಮರಾಠಿ ಚಿತ್ರಗಳಿಗೆ. ಕನ್ನಡ ಚಿತ್ರ ಬರುವುದೇ ಅಪರೂಪ. ಬಂದರೂ ಭಾನುವಾರದ ಬೆಳಗಿನ ಒಂದೇ ಆಟ. ಆ ಸುದ್ದಿ ಊರಿಗೆ ಹರಡುತ್ತಿದ್ದದ್ದು ಅಂಗಡಿಗಳಿಂದಲೇ. ಕಾಫಿಪುಡಿ ಅಂಗಡಿಯ ತೂಕದ ತಕ್ಕಡಿಯ ಹಿಂದೆ ಕೈಯಲ್ಲಿ ಬರೆದ ಒಂದು ಹಾಳೆ ಅಂಟಿಸಿದರೆ ಸಾಕು, ಘಾಟ್ಕೋಪರ್, ಮುಲುಂಡ್, ಡೊಂಬಿವಿಲಿಯ ನಮ್ಮವರೆಲ್ಲ ಮಕ್ಕಳು ಮರಿಗಳನ್ನು ಕಟ್ಟಿಕೊಂಡು ಇಳಿದುಬಿಡುತ್ತಿದ್ದರು. ಆಟ ಬಿಟ್ಟ ಮೇಲೆ ಯಾರೂ ನೇರವಾಗಿ ಮನೆಗೆ ಹೋದದ್ದನ್ನು ನಾನು ನೋಡಿಲ್ಲ. ಕುಚ್ಚಲಕ್ಕಿ, ಮಂಗಳೂರು ಸೌತೆ, ಬಾಳೆಲೆ, ಒಂದು ಮೊಳ ಮಲ್ಲಿಗೆ ಇವೆಲ್ಲ ಚೀಲಕ್ಕೆ ಬಿದ್ದ ನಂತರವೇ ಲೋಕಲ್ ಹತ್ತುವುದು. ಸಿನಿಮಾ ನೆಪವೋ ಸೌತೆಕಾಯಿ ನೆಪವೋ ಎಂಬುದನ್ನು ನಿನ್ನ ಪ್ರಬಂಧದಲ್ಲಿ ನೀನೇ ತೀರ್ಮಾನಿಸಬಹುದು.

ಹನ್ನೆರಡು, ಮೂರು, ಆರು, ಒಂಬತ್ತು ಎಂಬ ಆಟಗಳ ಹೊತ್ತೇ ಬೀದಿಯ ಗಡಿಯಾರವಾಗಿತ್ತು. ವಡಾಪಾವ್ ಮಾರುವವನು ಇಂಟರ್‌ವಲ್ಲಿಗೆ ಹತ್ತು ನಿಮಿಷ ಮುಂಚೆ ಬಾಣಲೆಗೆ ಬೆಂಕಿ ಏರಿಸುತ್ತಿದ್ದ. ಚಿತ್ರ ಎಷ್ಟು ಉದ್ದದ್ದು ಎಂಬುದು ಶುಕ್ರವಾರದ ಮೊದಲ ಆಟಕ್ಕೇ ಅವನಿಗೆ ಗೊತ್ತಾಗುತ್ತಿತ್ತು. 1948ರಲ್ಲಿ ಸ್ಥಾಪನೆಯಾದ ಕೇಂದ್ರ ಸರ್ಕಾರದ ಚಿತ್ರ ಸಂಸ್ಥೆ ಫಿಲ್ಮ್ಸ್ ಡಿವಿಜನ್‌ನ ಸಮಾಚಾರ ಚಿತ್ರವನ್ನು ಮುಖ್ಯ ಚಿತ್ರಕ್ಕೆ ಮೊದಲು ತೋರಿಸಲೇಬೇಕಾಗಿದ್ದರಿಂದ, ಅಣೆಕಟ್ಟು, ನೆರೆ, ಮಂತ್ರಿಗಳ ಉದ್ಘಾಟನೆಗಳು ಪರದೆಯ ಮೇಲೆ ಓಡುವಷ್ಟು ಹೊತ್ತು ಶೇಂಗಾ ಮಾರುವವನಿಗೆ ಒಳ್ಳೆಯ ವ್ಯಾಪಾರ. ಮಳೆಗಾಲದಲ್ಲಿ ಎದುರಿನ ಕಿರಾಣಿ ಅಂಗಡಿಯವನು ಖಾಲಿ ಎಣ್ಣೆ ಡಬ್ಬವೊಂದನ್ನು ಬಾಗಿಲಿಗೆ ಇಡುತ್ತಿದ್ದ. ಪರಿಚಯದವರೆಲ್ಲ ಒದ್ದೆ ಕೊಡೆಗಳನ್ನು ಅದರಲ್ಲಿ ಇಳಿಸಿ ಒಳಗೆ ಹೋಗುತ್ತಿದ್ದರು, ವಾಪಸು ಬಂದವರು ಕೊಡೆಯ ಜೊತೆ ಅರ್ಧ ಕಿಲೋ ಸಕ್ಕರೆಯನ್ನೋ ಒಂದು ಕಡ್ಡಿಪೆಟ್ಟಿಗೆಯನ್ನೋ ಒಯ್ಯದೆ ಹೋಗುತ್ತಿರಲಿಲ್ಲ.

ಆ ಅಂಗಡಿಯವನು ಕಚ್ಛಿ ಸೇಠ್. ಅವನ ಖಾತೆ ಪುಸ್ತಕ ಗುಜರಾತಿ ಲಿಪಿಯಲ್ಲಿತ್ತು, ನಿನ್ನ ಅಜ್ಜಿ ಅದರ ಪೂರ್ಣ ಲಾಭ ಪಡೆದಳು. ಮಧ್ಯಾಹ್ನ ಮೂರರ ಆಟಕ್ಕೆ ಕಟ್ಟಡದ ಹೆಂಗಸರೆಲ್ಲ ಹೊರಟಾಗ ಕೈಯಲ್ಲಿ ಕಾಸಿಲ್ಲದಿದ್ದರೆ ಆಕೆ ಸೇಠ್‌ನಿಂದ ಟಿಕೆಟ್ಟಿನ ಹಣ ಪಡೆಯುತ್ತಿದ್ದಳು, ಅವನು ಅದನ್ನು ಸಾಬೂನಿನ ಲೆಕ್ಕಕ್ಕೆ ಬರೆಯುತ್ತಿದ್ದ. ತಿಂಗಳ ಕೊನೆಗೆ ಬಾಕಿ ತೀರಿಸಲು ಹೋದ ಅಜ್ಜ ಲೆಕ್ಕ ಓದಿಸಿ ಕೇಳಿ, ‘ಇಷ್ಟು ಸಾಬೂನು ಸವೆಸುವುದಕ್ಕೆ ನಮ್ಮ ಮನೆಯಲ್ಲಿ ಆನೆ ಸಾಕಿದ್ದೀರಾ?’ ಎಂದು ಬಂದು ಕೇಳುತ್ತಿದ್ದರು. ಅವರಿಗೆ ನಿಜ ತಿಳಿದಿತ್ತೆಂದೇ ನನ್ನ ಅನುಮಾನ, ಏಕೆಂದರೆ ಸಾಬೂನು ಕಡಿಮೆ ಮಾಡಿರೆಂದು ಅವರು ಒಮ್ಮೆಯೂ ಹೇಳಲಿಲ್ಲ.

ಹೋಟೆಲಿನ ಹುಡುಗರ ಸಿನಿಮಾ ಇನ್ನೊಂದು ಬಗೆಯದು. ಊಟದ ಗಿರಾಕಿಗಳು ಖಾಲಿಯಾಗಿ ಸಂಜೆಯ ತಿಂಡಿಯವರು ಬರುವ ತನಕ ಅವರಿಗೆ ಬಿಡುವು ಸಿಗುತ್ತಿತ್ತು, ಪೂರ್ತಿ ಚಿತ್ರಕ್ಕೆ ಅದು ಸಾಲದು. ಹಾಗಾಗಿ ಇಬ್ಬರು ಸೇರಿ ಒಂದು ಟಿಕೆಟ್ ಕೊಳ್ಳುತ್ತಿದ್ದರು. ಒಬ್ಬ ಇಂಟರ್‌ವಲ್ ತನಕ ನೋಡಿ ಹೊರಗೆ ಬಂದು, ಬೀಡಾ ಅಂಗಡಿಯ ಮುಂದೆ ಕಾಯುತ್ತಿದ್ದವನಿಗೆ ಹರಿದ ಅರ್ಧ ಟಿಕೆಟ್ ಕೊಟ್ಟು ಹೋಟೆಲಿಗೆ ಓಡುತ್ತಿದ್ದ. ರಾತ್ರಿ ಪಾತ್ರೆಗಳನ್ನೆಲ್ಲ ತೊಳೆದಿಟ್ಟ ಮೇಲೆ ಹೋಟೆಲಿನ ಅಟ್ಟದಲ್ಲಿ ಮೊದಲರ್ಧದವನು ಮೊದಲರ್ಧವನ್ನೂ ಎರಡನೆಯವನು ಉಳಿದದ್ದನ್ನೂ ಹೇಳುತ್ತಿದ್ದರು. ಅಜ್ಜನಿಗೆ ಬುತ್ತಿ ಕೊಡಲು ಹೋದ ನಾನು ಅಲ್ಲೇ ಕೂತು ಕೇಳಿದ ಎಷ್ಟೋ ಚಿತ್ರಗಳನ್ನು ಇಂದಿಗೂ ಕಣ್ಣಿನಿಂದ ನೋಡಿಲ್ಲ. ಹೊಡೆದಾಟದ ಭಾಗ ಸಿಕ್ಕವನೇ ಅದೃಷ್ಟವಂತ, ನಾಯಕಿಯ ಮದುವೆ ಮಾತುಕತೆ ಪಾಲಿಗೆ ಬಂದವನು ಸುಳ್ಳು ಸೇರಿಸಿಯೇ ಹೇಳಬೇಕಾಗುತ್ತಿತ್ತು.

ಮುಂದಿನದು ನಿನಗೆ ತಿಳಿದದ್ದೇ. 1982ರ ದೆಹಲಿ ಏಷ್ಯಾಡ್ ಕ್ರೀಡಾಕೂಟದ ವೇಳೆಗೆ ಬಣ್ಣದ ಟಿ.ವಿ., ಅದರ ಹಿಂದೆಯೇ ವಿಡಿಯೊ ಕ್ಯಾಸೆಟ್ಟು, ಬಳಿಕ ಕೇಬಲ್. 2001ರಲ್ಲಿ ಮಹಾರಾಷ್ಟ್ರ ಸರ್ಕಾರ ಮಲ್ಟಿಪ್ಲೆಕ್ಸ್‌ಗಳಿಗೆ ಮನರಂಜನಾ ತೆರಿಗೆಯ ರಿಯಾಯಿತಿ ನೀಡಿದ ಮೇಲೆ ಒಂದೇ ಪರದೆಯ ಮಂದಿರಗಳು ಇನ್ನಷ್ಟು ಸೊರಗಿದವು. ಟಾಕೀಸು ಕೆಡವಿ ಕಟ್ಟುವ ಕಟ್ಟಡದಲ್ಲೂ ಚಿತ್ರಮಂದಿರ ಇರಲೇಬೇಕೆಂಬ ನಿಯಮ ಇದ್ದುದರಿಂದ ಅನೇಕ ಮಾಲೀಕರು ನಡೆಸಲೂ ಆಗದೆ ಕೆಡವಲೂ ಆಗದೆ ಬೀಗ ಹಾಕಿ ಕುಳಿತರು. 1938ರ ಎರೋಸ್ ಚಿತ್ರಮಂದಿರ ಇರುವ ಆರ್ಟ್ ಡೆಕೊ ಶೈಲಿಯ ಕಟ್ಟಡಗಳ ಸಮೂಹವನ್ನು 2018ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ನೀನು ಸಂಭ್ರಮಪಟ್ಟೆ, ನನಗೂ ಸಂತೋಷವಾಯಿತು. ಆದರೆ ಆ ಪಟ್ಟಿ ಕಾಯುವುದು ಕಟ್ಟಡವನ್ನು ಮಾತ್ರ. ಮಾಲ್‌ನ ಮೂರನೆಯ ಮಹಡಿಯಲ್ಲಿ ಸಿನಿಮಾ ಬಿಟ್ಟಾಗ ಜನ ಲಿಫ್ಟಿನಲ್ಲಿ ಇಳಿದು ನೇರ ಕಾರಿಗೆ ಹೋಗುತ್ತಾರೆ. ಎದುರಿನ ಸೇಠ್‌ಗೆ ಆಟ ಬಿಟ್ಟದ್ದೇ ಗೊತ್ತಾಗುವುದಿಲ್ಲ.

ಆದ್ದರಿಂದ ನಕ್ಷೆಯನ್ನು ಇನ್ನೊಮ್ಮೆ ಬರೆಯುವಾಗ ಹಾಳೆ ಸ್ವಲ್ಪ ದೊಡ್ಡದಿರಲಿ. ಬೀದಿಯ ಎರಡೂ ಬದಿಯ ಅಂಗಡಿಗಳನ್ನು ಗುರುತಿಸು, ಯಾವುದು ಯಾವ ಆಟಕ್ಕೆ ತೆರೆದಿರುತ್ತಿತ್ತು ಎಂಬುದನ್ನು ನಾನು ಪಕ್ಕದಲ್ಲಿ ಬರೆದುಕೊಡುತ್ತೇನೆ. ದೀಪಾವಳಿಗೆ ಬಂದಾಗ ಅಳತೆ ಟೇಪು ತರಲು ಮರೆಯಬೇಡ, ಇಬ್ಬರೂ ಮಾಟುಂಗಾಕ್ಕೆ ಹೋಗೋಣ. ಹಳೆಯ ಬೀಡಾ ಅಂಗಡಿಯಲ್ಲಿ ಈಗ ಮಗ ಕೂರುತ್ತಾನೆ, ಅವನೊಡನೆ ತುಳುವಿನಲ್ಲೇ ಮಾತು ಶುರುಮಾಡು. ಹಿಂದಿಯಲ್ಲಿ ಕೇಳಿದರೆ ಅವನು ಪಾನಿನ ಬೆಲೆಯಷ್ಟೇ ಹೇಳುತ್ತಾನೆ.

ಇಂತಿ ನಿನ್ನ ಪ್ರೀತಿಯ
ಅಪ್ಪ