ಬೋರ್ಡೊದಿಂದ ಅಪ್ಪಾಜಿಗೆ

ಬೋರ್ಡೊ, ಫ್ರಾನ್ಸ್
ಫೆಬ್ರುವರಿ 8

ಅಪ್ಪಾಜಿಗೂ ಅವ್ವನಿಗೂ ನಮಸ್ಕಾರಗಳು.

ನಾನು ಆರಾಮಾಗಿದ್ದೇನೆ. ತಿಕೋಟಾದಲ್ಲಿ ಈಗ ಕಟಾವು, ಒಣದ್ರಾಕ್ಷಿ ಶೆಡ್ಡು ಅಂತ ನಿಮಗೆ ಪುರುಸೊತ್ತು ಇರಲಿಕ್ಕಿಲ್ಲ. ಇಲ್ಲಿ ಬಳ್ಳಿಯಲ್ಲಿ ಒಂದೆಲೆಯೂ ಇಲ್ಲ. ಚಳಿಗಾಲದ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ, ನಡೆದಿದೆ. ನಮ್ಮ ಹಾಗೆ ಏಪ್ರಿಲ್ಲಿಗೊಂದು, ಅಕ್ಟೋಬರಿಗೊಂದು ಅಲ್ಲ, ವರ್ಷಕ್ಕೆ ಇದೊಂದೇ.

ಅಷ್ಟು ದುಬಾರಿ ವೈನ್ ಮಾಡಲು ಇವರು ಬಳ್ಳಿಗೆ ಏನು ಗೊಬ್ಬರ ಹಾಕ್ತಾರೆ ಅಂತ ಫೋನಿನಲ್ಲಿ ಕೇಳಿದ್ದಿರಿ. ಹೇಳಿದರೆ ನಗ್ತೀರಿ. ಇವರಿಗೆ ಬೇಕಾದದ್ದು ಸತ್ವ ಕಮ್ಮಿ ಇರುವ ನೆಲ. ಜಿರೋಂದ್ ಅಳಿವೆಯ ಎಡದಂಡೆಯ ಮೆದೋಕ್‌ನಲ್ಲಿ ಎಲ್ಲಿ ನೋಡಿದರೂ ಬೆಣಚುಕಲ್ಲು, ಮರಳು. ಪಿರೆನೀಸ್ ಬೆಟ್ಟಗಳಿಂದ ಗರೋನ್ ನದಿ ಹಿಂದೆಂದೋ ಹೊತ್ತು ತಂದದ್ದು. ನೀವು ನೋಡಿದರೆ "ಜೋಳಾನೂ ಬರಲ್ಲ ಇಲ್ಲಿ" ಅಂತೀರಿ. ಆದರೆ ಮಳೆನೀರು ಅಲ್ಲಿ ನಿಲ್ಲುವುದಿಲ್ಲ, ಬೇರು ಆಳಕ್ಕೆ ಇಳಿಯುತ್ತದೆ. ಹಗಲಿನ ಬಿಸಿಯನ್ನು ಕಲ್ಲು ರಾತ್ರಿಗೂ ಹಿಡಿದಿಡುತ್ತದೆ. ಕ್ಯಾಬರ್ನೆ ಸೋವಿನ್ಯೋ ತಡವಾಗಿ ಹಣ್ಣಾಗುವ ತಳಿ, ಈ ತಂಪು ಸೀಮೆಯಲ್ಲಿ ಅದಕ್ಕೆ ಆ ಬಿಸಿ ಬೇಕೇ ಬೇಕು. ಸಣ್ಣ ಹಣ್ಣು, ದಪ್ಪ ಸಿಪ್ಪೆ. ಅದರ ವೈನ್ ಹೊಸದಿದ್ದಾಗ ಒಗರು ಒಗರು. ವರ್ಷಗಟ್ಟಲೆ ಇಟ್ಟರೆ ಹದಕ್ಕೆ ಬರುತ್ತದೆ.

ಬಲದಂಡೆಯ ಪೊಮೆರೋಲ್, ಸೇಂಟ್ ಎಮಿಲಿಯಾನ್ ಕಡೆ ಬೇರೆಯೇ ಕಥೆ. ಅಲ್ಲಿ ಜಿಗುಟು ಮಣ್ಣು, ಸುಣ್ಣಕಲ್ಲು ಜಾಸ್ತಿ. ನಮ್ಮ ಎರೆ ಹೊಲದ ಹಾಗೆ ಆ ಮಣ್ಣು ನೀರು ಹಿಡಿಯುತ್ತದೆ, ತಂಪಾಗಿರುತ್ತದೆ. ಕ್ಯಾಬರ್ನೆ ಅಲ್ಲಿ ಹಣ್ಣಾಗಲು ಒದ್ದಾಡುತ್ತದೆ. ಬೇಗ ಮಾಗುವ ಮೆರ್ಲೋ ಚೆನ್ನಾಗಿ ಬರುತ್ತದೆ. ಹಾಗಾಗಿ ಆ ಕಡೆಯ ವೈನ್ ಮೆತ್ತಗೆ, ತುಂಬಿಕೊಂಡಂತೆ. ನನಗೆ ಅದೇ ಇಷ್ಟ. (ಅವ್ವಾ, ಗಾಬರಿಯಾಗಬೇಡ. ಕ್ಲಾಸಿನಲ್ಲಿ ಬಾಯಿಗೆ ಹಾಕಿಕೊಂಡು ಉಗುಳಿಬಿಡುತ್ತೇವೆ.)

ಯಾರೂ ಒಂದೇ ತಳಿಯನ್ನು ನಂಬಿ ಕೂರುವುದು ಕಮ್ಮಿ. ಮೆರ್ಲೋ ಬೇಗ ಚಿಗುರುವುದರಿಂದ ಹಿಮ ಬಿದ್ದರೆ ಅದಕ್ಕೇ ಮೊದಲ ಏಟು. 2017ರ ಏಪ್ರಿಲ್ ಕೊನೆಯಲ್ಲಿ ಎಷ್ಟೋ ತೋಟಗಳ ಚಿಗುರು ಸುಟ್ಟುಹೋಗಿತ್ತು. ಕ್ಯಾಬರ್ನೆಗೆ ಸೆಪ್ಟೆಂಬರಿನ ಮಳೆ ಭಯ. ಎರಡನ್ನೂ ಬೆಳೆದು, ವರ್ಷ ನೋಡಿಕೊಂಡು ಪ್ರಮಾಣ ಹೆಚ್ಚುಕಮ್ಮಿ ಮಾಡಿ ಬೆರೆಸುತ್ತಾರೆ.

ಸಮುದ್ರದ ಗಾಳಿ, ಮಳೆ ಅಂದಮೇಲೆ ಎಲೆಗೆ ಬೂಷ್ಟು ಹಿಡಿಸುವ ಡೌನಿ ರೋಗ ಇದ್ದದ್ದೇ. ಅದಕ್ಕೆ ನೀವು ಹೊಡೆಯುವ ಬೋರ್ಡೊ ದ್ರಾವಣ ಹುಟ್ಟಿದ್ದೂ ಇದೇ ಮೆದೋಕ್‌ನಲ್ಲಿ! ದಾರಿಯಲ್ಲಿ ಹೋಗುವವರು ಹಣ್ಣು ಕಿತ್ತು ತಿನ್ನಬಾರದೆಂದು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಎರಚುತ್ತಿದ್ದರಂತೆ. ಆ ಬಳ್ಳಿಗಳಿಗೆ ಮಾತ್ರ ರೋಗ ಬರಲಿಲ್ಲ. ಮಿಲಾರ್ದೆ ಎಂಬ ಸಸ್ಯವಿಜ್ಞಾನಿ ಅದನ್ನು ಗಮನಿಸಿ, ಪರೀಕ್ಷೆ ಮಾಡಿ, 1885ರಲ್ಲಿ ಪ್ರಕಟಿಸಿದ.

ಈಗೀಗ ಇಲ್ಲೂ ಬಿಸಿಲು ಏರುತ್ತಿದೆ. ಸಾಮಾನ್ಯವಾಗಿ ಬಳ್ಳಿಗೆ ನೀರು ಬಿಡುವಂತಿಲ್ಲ, ಡ್ರಿಪ್ಪೂ ಇಲ್ಲ. ಹಣ್ಣು ಬೇಗ ಮಾಗಿ ಸಕ್ಕರೆ ಹೆಚ್ಚುತ್ತದೆ, ವೈನಿನ ಕಿಕ್ಕೂ ಹೆಚ್ಚುತ್ತದೆ. ಹಾಗಾಗಿ 2021ರಲ್ಲಿ ಪೋರ್ಚುಗಲ್ಲಿನ ತುರಿಗಾ ನಸಿಯೊನಾಲ್‌ನಂಥ ಕೆಲವು ಹೊಸ ತಳಿಗಳಿಗೆ ಒಪ್ಪಿಗೆ ಸಿಕ್ಕಿದೆ, ಅದೂ ತೋಟದ ಸ್ವಲ್ಪ ಭಾಗದಲ್ಲಿ ಮಾತ್ರ.

ಈ ಸಲ ಒಣದ್ರಾಕ್ಷಿ ರೇಟು ಹೇಗಿದೆ, ಬರೆಯಿರಿ. ತಮ್ಮನಿಗೆ ಪರೀಕ್ಷೆ ಚೆನ್ನಾಗಿ ಬರೆಯಲು ಹೇಳಿ.

ನಿಮ್ಮ ಮಗ
ಬಸು