ಮಾಸಾಮುನೆ, ಮುರಾಮಾಸಾ ಗುರು ಶಿಷ್ಯರಲ್ಲ

ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಜಪಾನಿನ ಕತ್ತಿ ಕಮ್ಮಾರ ಮಾಸಾಮುನೆ ಬಗ್ಗೆ ಬಂದ ಲೇಖನ ಓದಿದೆ. ಕನ್ನಡದಲ್ಲಿ ಇಂಥದ್ದು ಬಂತಲ್ಲ ಅಂತ ಖುಷಿ ಆಯ್ತು, ಆದ್ರೆ ಅರ್ಧ ಪುಟ ಆ ಹಳೇ ಕಥೆಗೇ ಹೋಗಿದೆ ನೋಡಿ. ಗುರು ಮಾಸಾಮುನೆ, ಶಿಷ್ಯ ಮುರಾಮಾಸಾ ಇಬ್ರೂ ಕತ್ತೀನ ಹೊಳೇಲಿ ಇಳಿಬಿಟ್ರಂತೆ, ಶಿಷ್ಯನ ಕತ್ತಿ ತೇಲಿ ಬಂದ ಎಲೆ, ಮೀನು ಎಲ್ಲಾ ಕತ್ತರಿಸ್ತಂತೆ, ಗುರುವಿನ ಕತ್ತಿ ಹತ್ರ ಬಂದ ಎಲೆ ಮಾತ್ರ ತಾನಾಗೇ ಪಕ್ಕಕ್ಕೆ ಸರಿದು ಹೋಯ್ತಂತೆ. ಕಥೆ ಅಂತ ಹೇಳಿದ್ರೆ ನಂದೇನೂ ತಕರಾರಿಲ್ಲ, ನಿಮ್ಮ ಲೇಖಕರು ಇತಿಹಾಸ ಅಂತಾನೇ ಬರೆದುಬಿಟ್ಟಿದ್ದಾರೆ. ಮಾಸಾಮುನೆ ಇದ್ದಿದ್ದು ಕಾಮಾಕುರಾದಲ್ಲಿ, 13ನೇ ಶತಮಾನದ ಕೊನೆ, 14ನೇ ಶತಮಾನದ ಶುರು. ಮುರಾಮಾಸಾ ಹೆಸರಿನ ಜೊತೆ ಇಸವಿ ಕೆತ್ತಿರೋ ಕತ್ತಿಗಳಲ್ಲಿ ಹಳೇದು 1501ರದ್ದು, ಊರೂ ಬೇರೆ, ಇಸೆ ಪ್ರಾಂತ್ಯದ ಕುವಾನಾ. ಮಧ್ಯೆ ಹೆಚ್ಚುಕಮ್ಮಿ ಇನ್ನೂರು ವರ್ಷ! ಮಾಸಾಮುನೆ ಕಲಿತಿದ್ದು ಶಿಂತೋಗೋ ಕುನಿಮಿತ್ಸು ಹತ್ರ ಅಂತಾರೆ, ಅವನ ಕೆಲಸ ಮುಂದುವರಿಸಿದ್ದು ಅವನ ಶಿಷ್ಯ ಸಾದಾಮುನೆ.

ಇನ್ನೊಂದು, ಲೇಖನದಲ್ಲಿರೋ "ಸಾವಿರ ಸಲ ಮಡಚಿದ ಉಕ್ಕು" ಅನ್ನೋ ಮಾತು. ಹತ್ತು ಹದಿನೈದು ಸಲ ಮಡಚಿದ್ರೆ ಸಾಕು ಸ್ವಾಮಿ, ಒಂದೊಂದು ಸಲಕ್ಕೂ ಪದರ ಎರಡರಷ್ಟಾಗುತ್ತೆ, 15 ಸಲಕ್ಕೆ 32,768. ಅದಕ್ಕಿಂತ ಮಡಚ್ತಾ ಹೋದ್ರೆ ಕಾರ್ಬನ್ ಸುಟ್ಟು ಹೋಗಿ ಉಕ್ಕು ಮೆತ್ತಗಾಗುತ್ತೆ. ನಮ್ಮ ದಕ್ಷಿಣ ಭಾರತದ ಹಳೇ ಉಕ್ಕಿನ (ಇಂಗ್ಲಿಷಿನಲ್ಲಿ ಇದಕ್ಕೆ ಹೇಳೋ ವೂಟ್ಜ್ ಅನ್ನೋ ಪದ ಉಕ್ಕು ಅನ್ನೋದರಿಂದಲೇ ಬಂದಿದ್ದು ಅಂತಾರೆ) ಜೊತೆ ಹೋಲಿಸಿದ್ದೂ ಸರಿ ಹೋಗ್ಲಿಲ್ಲ. ನಮ್ಮವರು ಮೂಸೇಲಿ ಪೂರ್ತಿ ಕರಗಿಸ್ತಿದ್ರು, ಜಪಾನಿನವರು ಕಬ್ಬಿಣದ ಮರಳು, ಇದ್ದಿಲು ಹಾಕಿ ಕಾಯಿಸಿದಾಗ ಸಿಗ್ತಿದ್ದಿದ್ದು ಕಸ ತುಂಬಿದ ಗಟ್ಟಿ, ಅದರ ಕಸ ತೆಗೆದು ಎಲ್ಲಾ ಕಡೆ ಒಂದೇ ಸಮ ಮಾಡೋಕೇ ಮಡಚಿ ಬಡಿಯೋದು.

ಇಷ್ಟೆಲ್ಲಾ ಬರೆದು ಮಾಸಾಮುನೆ ಕೈಚಳಕ ಏನು ಅನ್ನೋದನ್ನೇ ಬಿಟ್ಟಿದ್ದಾರೆ! ಹದ ಹಾಕೋ ಮುಂಚೆ ಅಲಗಿಗೆ ಜೇಡಿಮಣ್ಣು ಬಳೀತಾರೆ, ಬಾಯಿ ಕಡೆ ತೆಳ್ಳಗೆ, ಬೆನ್ನಿನ ಕಡೆ ದಪ್ಪ, ಆಮೇಲೆ ಕೆಂಪಗೆ ಕಾಯಿಸಿ ನೀರಿಗೆ ಅದ್ದಿದಾಗ ಬಾಯಿ ಸರ್ರನೆ ತಣ್ಣಗಾಗಿ ಗಡುಸಾಗುತ್ತೆ, ಬೆನ್ನು ಪೆಟ್ಟು ತಡ್ಕೊಳ್ಳೋ ಹಾಗೆ ಉಳಿಯುತ್ತೆ. ಇವೆರಡರ ಗಡಿ ಗೆರೆಗೆ ಹಾಮೋನ್ ಅಂತಾರೆ. ಮಾಸಾಮುನೆ ಹೆಚ್ಚು ಶಾಖಕ್ಕೆ ತಗೊಂಡು ಹೋಗಿ ಅದ್ದುತ್ತಿದ್ದ, ಸ್ವಲ್ಪ ಎಡವಿದ್ರೂ ಅಲಗು ಬಿರುಕು ಬಿಡೋ ಕೆಲಸ ಅದು. ದಕ್ಕಿದ್ರೆ ಆ ಗಡಿಯಲ್ಲಿ ನಿಯೆ ಅನ್ನೋ ಕಣಗಳು ಬರಿಗಣ್ಣಿಗೇ ಕಾಣುತ್ತೆ, ಮರಳಲ್ಲಿ ಕಾಗೆಬಂಗಾರ ಮಿಂಚೋ ಹಾಗೆ, ನಡುನಡುವೆ ಮಿಂಚಿನ ಎಳೆಗಳೂ ಓಡಿರುತ್ತೆ. ಎರಡು ವರ್ಷದ ಹಿಂದೆ ಟೋಕಿಯೋ ನ್ಯಾಷನಲ್ ಮ್ಯೂಸಿಯಂನಲ್ಲಿ ಒಂದನ್ನ ನೋಡಿದೆ, ನೆಟ್ಟಗೆ ನಿಂತ್ರೆ ಬರೀ ಬೆಳ್ಳಗಿನ ತಗಡು, ಮಂಡಿ ಬಗ್ಗಿಸಿ ಲೈಟು ಅಲಗಿನ ಮೇಲೆ ಓರೆಯಾಗಿ ಬೀಳೋ ಹಾಗೆ ನೋಡಿದಾಗ ಗೆರೆ ಅಲೆ ಅಲೆಯಾಗಿ ಎದ್ದು ಬಂತು, ನನ್ನ ಹೆಂಡತಿ ನಡೀರಿ ಅಂತ ಕೈ ಎಳೆಯೋವರೆಗೂ ಅಲ್ಲೇ ಕೂತಿದ್ದೆ.

ಅವನ ಹೆಸರು ಕೆತ್ತಿರೋದು ಕೆಲವೇ ಕತ್ತಿಗಳ ಮೇಲೆ. ಉದ್ದ ಕತ್ತಿಗಳನ್ನ ಎಷ್ಟೋ ಕಾಲದ ಮೇಲೆ ಹಿಡಿ ಕಡೆಯಿಂದ ಕತ್ತರಿಸಿ ಗಿಡ್ಡ ಮಾಡಿದಾಗ ಹೆಸರಿದ್ರೂ ಹೋಯ್ತು. ಹಾಗಾಗಿ ಇದು ಮಾಸಾಮುನೇದು ಅಂತ ಗುರುತಿಸಿದ್ದೆಲ್ಲಾ ಬಹುತೇಕ ಹೋನ್‌ಆಮಿ ಮನೆತನದ ಪಾರಖಿಗಳು. 1896ರಲ್ಲಿ ಮಾಸಾಮುನೆ ಅನ್ನೋನು ಇದ್ದಿದ್ದೇ ಡೌಟು ಅಂತ ಜಪಾನಿನ ಪತ್ರಿಕೇಲೇ ಜಗಳ ಆಗಿತ್ತು, ಈಗ ಯಾರೂ ಅದನ್ನ ಒಪ್ಪಲ್ಲ. ಹಿಂದೆ ಜಪಾನ್ ಆಳಿದ ತೊಕುಗಾವಾ ಮನೆತನದ ಹೋಂಜೋ ಮಾಸಾಮುನೆ ಅನ್ನೋ ಕತ್ತಿ ಯುದ್ಧ ಮುಗಿದ ಮೇಲೆ 1945ರಲ್ಲಿ ಪೊಲೀಸ್ ಸ್ಟೇಷನ್‌ಗೆ ಒಪ್ಪಿಸಿದ್ದು, ಆಮೇಲೆ ಪತ್ತೆಯೇ ಇಲ್ಲ.

ಮುರಾಮಾಸಾ ವಿಷಯಕ್ಕೆ ಒಂದು ತಿದ್ದುಪಡಿ ಹಾಕಿ ದಯವಿಟ್ಟು. ಮತ್ತೆ ನೀವು ಹಾಕಿದ ಫೋಟೋದಲ್ಲಿ ಹಿಡಿ ಇದೆ, ಒರೆ ಇದೆ, ಅಲಗೇ ಇಲ್ಲ. ಮುಂದಿನ ಸಲ ಅಲಗಿನ ಕ್ಲೋಸಪ್ ಹಾಕಿ.

ಒಬ್ಬ ಓದುಗ, ಮೈಸೂರು