ಚೇಳು ಮೀನು ಮಾರುವವರು ಒಂದು ಮಾತು ಹೇಳಿ ಕೊಡಲಿ

ಸಂಪಾದಕರೇ,

ನಮ್ಮ ಬೀದಿಯಲ್ಲೇ ನಾಲ್ಕು ಮನೆಗಳಲ್ಲಿ ಅಕ್ವೇರಿಯಂ ಇದೆ. ಮಕ್ಕಳು ಮೀನು ಸಾಕುವುದು ನನಗೆ ತುಂಬಾ ಇಷ್ಟ. ಆದರೆ ಕಳೆದ ತಿಂಗಳು ನಡೆದದ್ದನ್ನು ಹೇಳಲೇಬೇಕು ಅನ್ನಿಸಿ ಬರೆಯುತ್ತಿದ್ದೇನೆ.

ನನ್ನ ತಮ್ಮನ ಮಗ ಒಂಬತ್ತನೇ ಕ್ಲಾಸು. ಎರಡು ಚೇಳು ಮೀನು ಕೊಂಡು ತಂದ, ಅದು ಒಂದು ಬಗೆಯ ಕ್ಯಾಟ್‌ಫಿಶ್. ಅಂಗಡಿಯವರು ಹೇಳಿದ್ದು ಇಷ್ಟೇ: "ಗಟ್ಟಿ ಮೀನು, ಸುಲಭಕ್ಕೆ ಸಾಯಲ್ಲ." ಅದು ನಿಜವೇ, ನೀರು ಕೆಟ್ಟರೂ ಮೇಲೆ ಬಂದು ಗಾಳಿ ಗುಟುಕರಿಸಿ ಬದುಕುವ ಮೀನು ಅದು. ಆದರೆ ಅದರ ವಿಷದ ಮುಳ್ಳಿನ ಮಾತೇ ಇಲ್ಲ! ಕೊಟ್ಟಿದ್ದೂ ತೆಳು ಪ್ಲಾಸ್ಟಿಕ್ ಕವರಿನಲ್ಲಿ.

ಭಾನುವಾರ ನೀರು ಬದಲಿಸಲು ಹೋಗಿ ಬಲೆಯಲ್ಲಿ ಎತ್ತಿದ್ದಾನೆ. ಈ ಮೀನು ಹೆದರಿದರೆ ಎರಡೂ ಪಕ್ಕದ ರೆಕ್ಕೆಯ ಮುಳ್ಳನ್ನು ನೆಟ್ಟಗೆ ನಿಲ್ಲಿಸಿ ಬಿಗಿ ಮಾಡಿಕೊಳ್ಳುತ್ತದೆ. ಗರಗಸದ ಹಲ್ಲಿರುವ ಮುಳ್ಳು, ಬಲೆಗೆ ಸಿಕ್ಕಿಕೊಂಡಿತು. ಬಿಡಿಸಲು ಕೈ ಹಾಕಿದ, ಅಷ್ಟೇ. ಹೆಬ್ಬೆರಳ ಬುಡದಲ್ಲಿ ಸೂಜಿ ಚುಚ್ಚಿದಷ್ಟು ಗುರುತು, ಒಂದು ಹನಿ ರಕ್ತ. ಅಷ್ಟಕ್ಕೇ ಮೊಣಕೈವರೆಗೆ ಉರಿ ಅಂತ ಹುಡುಗ ಒದ್ದಾಡುತ್ತಿದ್ದ. ಪಕ್ಕದ ಮನೆಯ ಅಜ್ಜಿ ಸುಣ್ಣ ಹಚ್ಚಿದರು, ಇನ್ಯಾರೋ ಮಣಿಕಟ್ಟಿಗೆ ದಾರ ಬಿಗಿದರು. ಹತ್ತಿರದ ಕ್ಲಿನಿಕ್‌ನಲ್ಲಿ "ಮೀನಿನ ಮುಳ್ಳು ತಾನೇ" ಅಂತ ಪಟ್ಟಿ ಕಟ್ಟಿ ಕಳಿಸಿದರು.

ನಾನು ಹೋಗುವಷ್ಟರಲ್ಲಿ ಕೈ ಊದಿತ್ತು. ದಾರ ಬಿಚ್ಚಿ, ಸುಣ್ಣ ತೊಳೆದು, ಬಿಸಿನೀರಿನಲ್ಲಿ ಕೈ ಅದ್ದಿಸಿದೆ. ಈ ವಿಷ ಒಂದು ಬಗೆಯ ಪ್ರೊಟೀನ್, ಬಿಸಿಗೆ ಅದರ ಬಲ ಕುಗ್ಗುತ್ತದೆ. ಸುಮಾರು 45 ಡಿಗ್ರಿ ಸಾಕು, ಅದಕ್ಕಿಂತ ಜಾಸ್ತಿ ಬೇಡ. ಅಂದಾಜು ಅರ್ಧ ಗಂಟೆಯಿಂದ ಒಂದೂವರೆ ಗಂಟೆ, ಆರಿದ ಹಾಗೆ ಬಿಸಿನೀರು ಬೆರೆಸುತ್ತಾ ಇರಬೇಕು. ಒಂದು ವಿಷಯ ಮರೆಯಬೇಡಿ: ನೀರಿನ ಬಿಸಿಯನ್ನು ಚುಚ್ಚಿಸಿಕೊಂಡ ಕೈಯಲ್ಲಿ ನೋಡಬಾರದು. "ಅತ್ತೆ, ಇನ್ನೂ ಬಿಸಿ ಹಾಕಿ, ನನಗೇನೂ ಗೊತ್ತಾಗ್ತಿಲ್ಲ" ಅಂತಿದ್ದ ಅವನು. ಅವನ ಮಾತು ಕೇಳಿದ್ದರೆ ಕೈ ಬೆಂದೇ ಹೋಗುತ್ತಿತ್ತು. ಅವನ ಇನ್ನೊಂದು ಕೈಯನ್ನು ಮೊದಲು ಅದ್ದಿಸಿ ನೋಡಿದೆ. ಮುಕ್ಕಾಲು ಗಂಟೆಗೆ ಅಳು ನಿಂತಿತು.

ಆಮೇಲೆ ಬೇರೆ ಆಸ್ಪತ್ರೆಗೆ ಹೋದೆವು. ನೋವು ಇಳಿಯಿತು ಅಂತ ಸುಮ್ನೆ ಕೂರುವ ಹಾಗಿಲ್ಲ. ಮುಳ್ಳಿನ ತುದಿ ಮುರಿದು ಒಳಗೆ ಉಳಿದಿರಬಹುದು, ಗಾಯ ಕೀವು ಹಿಡಿಯಬಹುದು. ಎಕ್ಸ್‌ರೇ ತೆಗೆದರು, ಟಿ.ಟಿ. ಇಂಜೆಕ್ಷನ್ ಕೊಟ್ಟರು. ಉಸಿರಾಟಕ್ಕೆ ತೊಂದರೆಯಾದರೆ, ಮುಖ ಊದಿದರೆ ಬಿಸಿನೀರು ಕಾಯಿಸುತ್ತಾ ಕೂರದೆ ತಕ್ಷಣ ಆಸ್ಪತ್ರೆಗೆ ಓಡಬೇಕು.

ಇದು ಒಂದೇ ಮೀನಿನ ಕತೆಯಲ್ಲ. ಮಿಷಿಗನ್ ವಿಶ್ವವಿದ್ಯಾಲಯದ ಜೆರೆಮಿ ರೈಟ್ ಅವರು 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಕನಿಷ್ಠ 1,250 ಜಾತಿಯ ಕ್ಯಾಟ್‌ಫಿಶ್‌ಗಳಿಗೆ ವಿಷ ಇರಬಹುದು. ಅಕ್ವೇರಿಯಂನಲ್ಲಿ ಸಾಕುವ ಪುಟ್ಟ ಕ್ಯಾಟ್‌ಫಿಶ್ ಕೋರಿಡೋರಸ್‌ಗೂ ಸ್ವಲ್ಪ ಇದೆ. ಸಮುದ್ರದ ಪಟ್ಟೆ ಕ್ಯಾಟ್‌ಫಿಶ್ ಅಂತೂ ಇನ್ನೂ ಅಪಾಯ, ಮರಿಗಳು ಚೆಂಡಿನ ಹಾಗೆ ಗುಂಪುಗೂಡಿ ಚೆಂದ ಕಾಣುತ್ತವೆ ಅಂತ ಕೊಳ್ಳುವವರು ಎರಡು ಸಲ ಯೋಚಿಸಲಿ.

ಹಾಗಂತ ಚೇಳು ಮೀನು ಸಾಕಲೇಬೇಡಿ ಅಂತ ನಾನು ಹೇಳುವುದಿಲ್ಲ. ಸಂಜೆ ಲೈಟ್ ಆರಿಸಿದ ಮೇಲೆ ನೋಡಿ, ಎಂಟು ಮೀಸೆಯನ್ನೂ ಆಡಿಸುತ್ತಾ ಮರಳು ತಡವಿಕೊಂಡು ಹೋಗುತ್ತದೆ, ಎಷ್ಟು ಹೊತ್ತು ನೋಡಿದರೂ ಸಾಲದು. ಆದರೆ ಒಂದು ಅಡಿವರೆಗೆ ಬೆಳೆಯುತ್ತದೆ, ಗಪ್ಪಿಯಂಥ ಸಣ್ಣ ಮೀನುಗಳನ್ನು ನುಂಗುತ್ತದೆ, ಮುಚ್ಚಳ ಇಲ್ಲದಿದ್ದರೆ ಹೊರಗೆ ಬೀಳುತ್ತದೆ. ಎತ್ತಬೇಕಾದರೆ ಬಲೆ ಬೇಡವೇ ಬೇಡ, ಪ್ಲಾಸ್ಟಿಕ್ ಜಗ್ಗನ್ನು ನೀರಲ್ಲಿ ಮುಳುಗಿಸಿ ಮೀನನ್ನು ಅದರೊಳಗೆ ಓಡಿಸಿ, ನೀರಿನ ಸಮೇತ ಎತ್ತಿ. ರಬ್ಬರ್ ಗ್ಲೌಸ್ ಇದೆ ಅಂತ ಧೈರ್ಯ ಮಾಡಬೇಡಿ, ಮುಳ್ಳು ಅದನ್ನೂ ತೂರುತ್ತದೆ. ಮನೆಗೆ ತರುವುದು ಕವರಿನಲ್ಲಲ್ಲ, ಮುಚ್ಚಳದ ಬಕೆಟ್ಟಿನಲ್ಲಿ.

ಅಂಗಡಿಯವರಲ್ಲಿ ನನ್ನ ಕೇಳಿಕೆ ಒಂದೇ. ತೊಟ್ಟಿಯ ಮೇಲೆ "ವಿಷದ ಮುಳ್ಳಿದೆ, ಕೈ ಹಾಕಬೇಡಿ, ಚುಚ್ಚಿದರೆ ಬಿಸಿನೀರು" ಅಂತ ಒಂದು ಚೀಟಿ ಅಂಟಿಸಿ. ಚಿಕ್ಕ ಮಕ್ಕಳು ಒಬ್ಬರೇ ಬಂದರೆ ಕೊಡಬೇಡಿ, ಮನೆಯವರನ್ನು ಕರೆಸಿ. ಕೇಂದ್ರ ಸರ್ಕಾರ ನಿಷೇಧಿಸಿರುವ ಆಫ್ರಿಕನ್ ಕ್ಯಾಟ್‌ಫಿಶ್ ಮರಿಯನ್ನು ಈ ಹೆಸರಲ್ಲಿ ಯಾರೂ ಮಾರದಿರಲಿ. ಬೆನ್ನಿನುದ್ದಕ್ಕೂ ರೆಕ್ಕೆ ಇದ್ದರೆ ಅದು ಚೇಳು ಮೀನಲ್ಲ, ಚೇಳು ಮೀನಿನ ಬೆನ್ನಿನ ರೆಕ್ಕೆ ತುಂಬಾ ಚಿಕ್ಕದು.

ಅವತ್ತು ನನ್ನ ತಮ್ಮ ಸಿಟ್ಟಿನಲ್ಲಿ ಎರಡನ್ನೂ ಅಮಾನಿಕೆರೆಗೆ ಬಿಟ್ಟು ಬರುತ್ತೇನೆ ಅಂದ. ತೊಟ್ಟಿಯ ರೋಗ ಕೆರೆಗೆ ಹೋಗುತ್ತೆ, ಬೇಡ ಅಂದೆ. ಮೀನು ಇನ್ನೂ ಹುಡುಗನ ಹತ್ತಿರವೇ ಇವೆ. ತೊಟ್ಟಿಯ ಪಕ್ಕದ ಮೊಳೆಗೆ ಒಂದು ಜಗ್ ನೇತು ಹಾಕಿದ್ದಾನೆ.

— ಒಬ್ಬ ಓದುಗಳು, ಶಿರಾ ಗೇಟ್, ತುಮಕೂರು